ನಾನೂರು ಕುದುರೆಯ ಒಕ್ಕಣೆ

ಸುಗಟೂರಿನ ಕದಿರೇಶನ ಟೆಂಪೋಗೆ ರೆಕ್ಕೆ ಇದೆ. ನಂಬದವರು ಬೆಳಗಿನ ಹೊತ್ತು ಊರಿನ ಬಸ್‌ಸ್ಟಾಪಿನಲ್ಲಿ ನಿಂತರೆ ಸಾಕು. ಟೊಮ್ಯಾಟೊ ಕ್ರೇಟುಗಳನ್ನು ನೆತ್ತಿಯವರೆಗೂ ಹೇರಿಕೊಂಡು, ಉಬ್ಬಸದ ಮುದುಕನಂತೆ ಕೆಮ್ಮುತ್ತ ಕೋಲಾರದ ಮಾರ್ಕೆಟ್ಟಿನ ಕಡೆ ಹೋಗುವ ಬಿಳಿ ಗೂಡ್ಸ್ ಟೆಂಪೋ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದರ ಬೆನ್ನಿಗೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ, ಎರಡು ಕಂಬಿಗಳ ಮೇಲೆ ಓರೆಯಾಗಿ ನಿಂತಿದೆ. ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಮುಂದೆ ನಿಂತು ಮಾಡಿಸಿದ್ದು. ಗಾಡಿ ಜೋರಾಗಿ ಹೋಗುವಾಗ ಗಾಳಿ ಬಂದು ಆ ರೆಕ್ಕೆಯ ಮೇಲೆ ಕೂತು ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಹಿಡಿತ ತಪ್ಪುತ್ತದೆ ಎನ್ನುವುದು ಕದಿರೇಶನ ವಾದ. ಆ ಟೆಂಪೋ ಹುಟ್ಟಿದಾಗಿನಿಂದ ಇಳಿಜಾರು ಬಿಟ್ಟರೆ ಬೇರೆಲ್ಲೂ ಜೋರಾಗಿ ಹೋದದ್ದಿಲ್ಲ. ಚಳಿಗಾಲದಲ್ಲಿ ಅದನ್ನು ಸ್ಟಾರ್ಟ್ ಮಾಡಲು ಬಸ್ಸಿಗೆ ಕಾದವರೆಲ್ಲ ಸೇರಿ ತಳ್ಳಬೇಕು.

“ಏನ್ಲಾ ಕದಿರಿ, ರೆಕ್ಕೆ ಬಂದು ವರ್ಷ ಆಯ್ತು, ಮೊಟ್ಟೆ ಯಾವಾಗ ಇಕ್ತೈತೆ?” ಎಂದು ಟೀ ಅಂಗಡಿಯ ನರಸಿಂಹಪ್ಪ ದಿನಾ ಕೇಳುತ್ತಾನೆ.

“ನಿಂಗೇನ್ ಗೊತ್ತು ನರಸಿಂಹಣ್ಣ, ಇದು ಡೌನ್‌ಫೋರ್ಸು. ಜರ್ಮನಿನಾಗೆ ಇದನ್ನ ಓದೋಕೇ ಕಾಲೇಜು ಕಟ್ಟವ್ರೆ.”

“ನಿನ್ನೆ ನಿನ್ ಹೆಂಡ್ತಿ ಅದರ ಮೇಲೆ ಬೆಡ್‌ಶೀಟು ಒಣಗಾಕಿದ್ಲು. ಅದನ್ನೂ ಆ ಕಾಲೇಜ್ನೋರಿಗೆ ಒಂದು ಮಾತು ಹೇಳು.”

ಕದಿರೇಶ ಇಂಥ ಮಾತಿಗೆಲ್ಲ ಬಗ್ಗುವವನಲ್ಲ. ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ಬೀದಿಯೆಲ್ಲ ಓಡಾಡುತ್ತ ಬೆಳೆದ ಜೀವ ಅದು. ತಟ್ಟೆ ಕೊಡು, ಮುದ್ದೆ ಹಾಕಬೇಕು ಎಂದು ತಾಯಿ ಮುನಿಯಲ್ಲಮ್ಮ ಹಿಂದೆ ಓಡಿದರೆ, “ಅಮ್ಮಾ, ಗಾಡಿ ಇನ್ನೂ ಕೋಲಾರದಾಗೈತೆ” ಎನ್ನುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಕೂತು ಪ್ರಶ್ನೆಪತ್ರಿಕೆಯ ಹಿಂದೆ ಗೇರ್‌ಬಾಕ್ಸಿನ ಚಿತ್ರ ಬರೆದು ಬಂದ. ಆಮೇಲೆ ಟ್ರ್ಯಾಕ್ಟರ್ ಕಲಿತ, ಟೆಂಪೋ ಹಿಡಿದ, ಕೈಗೆ ಫೋನು ಬಂತು. ಅಲ್ಲಿಗೆ ಅವನ ಉನ್ನತ ವ್ಯಾಸಂಗ ಶುರುವಾಯಿತು. ಫೆರಾರಿ, ಪೋರ್ಷೆ, ಲ್ಯಾಂಬೋರ್ಗಿನಿ ಇವುಗಳ ಜಾತಕವೆಲ್ಲ ಅವನ ನಾಲಿಗೆಯ ಮೇಲೆ. ಯಾವುದಕ್ಕೆ ಎಂಜಿನ್ನು ಸೀಟಿನ ಹಿಂದೆ, ಯಾವುದಕ್ಕೆ ಡಿಕ್ಕಿಯೊಳಗೆ, ಯಾವುದರ ಬ್ರೇಕು ಪಿಂಗಾಣಿಯದು, ಎರಡು ಕ್ಲಚ್ ಇರುವ ಗೇರ್‌ಬಾಕ್ಸಿನಲ್ಲಿ ಒಂದು ಕ್ಲಚ್ ದುಡಿಯುವಾಗ ಇನ್ನೊಂದು ಮುಂದಿನ ಗೇರನ್ನು ಹೇಗೆ ಹಿಡಿದು ಕಾಯುತ್ತಿರುತ್ತದೆ, ಎಲ್ಲವನ್ನೂ ಅವನು ಕ್ರೇಟು ಇಳಿಸುವ ಹಮಾಲಿಗಳಿಗೆ ವಿವರಿಸುತ್ತಿದ್ದ. “ಅತ್ತೆ ಸೊಸೆ ಇದ್ದಂಗೆ ಅನ್ಕೊಳ್ರೋ. ಒಬ್ಳು ಬಿಡೋದ್ರೊಳಗೆ ಇನ್ನೊಬ್ಳು ಹಿಡ್ಕೊಂಡಿರ್ತಾಳೆ.” ಹಮಾಲಿಗಳು ತಲೆಯಾಡಿಸುತ್ತಿದ್ದರು. ತಲೆಯ ಮೇಲೆ ಕ್ರೇಟು ಇದ್ದಾಗ ತಲೆಯಾಡಿಸದೆ ಬೇರೆ ದಾರಿಯೂ ಇರುವುದಿಲ್ಲ.

ಭಾನುವಾರ ಬಂದರೆ ಅವನು ಮುಳಬಾಗಲು ರಸ್ತೆಯಲ್ಲಿ ಹಾಜರು. ಅವತ್ತು ಬೆಂಗಳೂರಿನ ಹಣವಂತರು ನಾಯಿಯನ್ನು ಅಡ್ಡಾಡಿಸುವ ಹಾಗೆ ತಮ್ಮ ಕಾರುಗಳನ್ನು ಹೆದ್ದಾರಿಗೆ ಕರೆತರುತ್ತಾರೆ. ಯೂರೋಪಿನ ಎಂಜಿನಿಯರುಗಳು ಗ್ರಾಂ ಗ್ರಾಂ ತೂಕ ಇಳಿಸಿ ಕಟ್ಟಿದ ಯಂತ್ರದಲ್ಲಿ ಕೂತು ಬಂದು, ಮುಳಬಾಗಲು ದೋಸೆಯನ್ನು ತುಪ್ಪ ಸುರಿಸಿಕೊಂಡು ತಿಂದು, ಇಳಿಸಿದ ತೂಕವನ್ನೆಲ್ಲ ವಾಪಸ್ ಏರಿಸಿಕೊಂಡು ಹೋಗುತ್ತಾರೆ. ಕದಿರೇಶ ಸೇತುವೆಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಶಬ್ದ ಬಂದು ಎದೆಗೆ ಗುದ್ದಿ ಹೋಗುತ್ತಿತ್ತು. “ಇದು ವಿ ಎಯ್ಟು... ಇದು ಫ್ಲಾಟ್ ಸಿಕ್ಸು...” ಎಂದು ಎಂಜಿನ್ನಿನ ಜಾತಿಯನ್ನು ಮಂತ್ರ ಹೇಳಿದಂತೆ ಗೊಣಗಿಕೊಳ್ಳುತ್ತಿದ್ದ.

“ಆ ಶಬ್ದಗಳೆಲ್ಲ ಕೇಳ್ತೈತೆ ನಿಮ್ಗೆ,” ಎನ್ನುತ್ತಿದ್ದಳು ಅವನ ಹೆಂಡತಿ ಶೋಭಾರಾಣಿ. “ನಮ್ಮನೆ ಮಿಕ್ಸಿ ಕುಯ್ಯೋ ಮರ್ರೋ ಅಂತ ತಿಂಗಳಿಂದ ಅಳ್ತೈತೆ, ಅದು ಮಾತ್ರ ಕೇಳ್ಸಲ್ಲ.”

ಇಷ್ಟೆಲ್ಲ ತಿಳಿದ ಮನುಷ್ಯ ಇಂಥ ಒಂದು ಕಾರನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಒಳಗೊಳಗೇ ಅವನನ್ನು ಕೊರೆಯುತ್ತಿದ್ದ ಹುಳ ಅದೊಂದೇ. ಊರಿನಲ್ಲಿ ಅವನಿಗೆ ಬಾಯಿಡ್ರೈವರ್ ಎಂದು ಹೆಸರು ಬಿದ್ದಿತ್ತು. ಒಂದೇ ಒಂದು ಸಲ ಅಂಥ ಸ್ಟೀರಿಂಗ್ ಹಿಡಿದು ಸುಗಟೂರಿನ ಬಸ್‌ಸ್ಟಾಪಿನ ಮುಂದೆ, ಶೋಭಾರಾಣಿ ನೋಡುತ್ತಿರುವಾಗ, ನರಸಿಂಹಪ್ಪನ ಟೀ ಲೋಟ ನಡುಗುವ ಹಾಗೆ ಬಂದು ನಿಲ್ಲಬೇಕು. ಜನ್ಮಕ್ಕೆ ಅಷ್ಟು ಸಾಕು ಎನ್ನುವುದು ಅವನ ಆಸೆ.

ಆ ಭಾಗ್ಯ ಚಂದ್ರಮೋಹನನ ಹೊಟ್ಟೆಯ ರೂಪದಲ್ಲಿ ಬಂತು.

ಚಂದ್ರಮೋಹನ ಸುಗಟೂರಿನವನೇ, ಈಗ ಕೋಲಾರದಲ್ಲಿ ಮನೆ. ಮಾಲೂರಿನ ಕಡೆ ತಾಯಿಯ ತವರಿನಿಂದ ಬಂದ ರಾಗಿ ಹೊಲಕ್ಕೆ ಫ್ಯಾಕ್ಟರಿಯವರು ಬಂದು ಕೋಟಿಗಟ್ಟಲೆ ಕೊಟ್ಟರು, ಚಂದ್ರಮೋಹನನಿಗೆ ಒಂದೇ ವಾರದಲ್ಲಿ ದೇಶಸೇವೆಯ ಹಂಬಲ ಹುಟ್ಟಿತು. ಐವತ್ತು ದಾಟಿದ ಮೇಲೆ ಫ್ಲೆಕ್ಸಿನಲ್ಲಿ ಯುವ ನಾಯಕನಾದ. ಬರುವ ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ಟಿಕೆಟ್ ಬೇಕು, ಟಿಕೆಟ್ಟಿಗೆ ಜನ ಬೇಕು, ಜನ ತಿರುಗಿ ನೋಡಬೇಕಾದರೆ ಏನಾದರೊಂದು ಬೇಕು. ಹಾಗಾಗಿ ಬೆಂಗಳೂರಿನ ಯಾರೋ ಬಿಲ್ಡರ್ ಓಡಿಸಿ ಬೇಸತ್ತಿದ್ದ ಯೂರೋಪಿನ ಒಂದು ಸ್ಪೋರ್ಟ್ಸ್ ಕಾರು ತಂದ. ಚೆಂಡುಹೂವಿನ ಬಣ್ಣ, ಎರಡೇ ಸೀಟು, ಮಲಗಿದ ಎಮ್ಮೆಗಿಂತ ಕಡಿಮೆ ಎತ್ತರ. ಅದರ ಹೆಸರನ್ನು ಊರಿನಲ್ಲಿ ಇಬ್ಬರು ಒಂದೇ ಥರ ಉಚ್ಚರಿಸದ ಕಾರಣ ಎಲ್ಲರೂ ‘ಆ ಕಾರು’ ಎಂದೇ ಕರೆದರು. ಕಾರು ಬಂದ ಸಂಭ್ರಮಕ್ಕೆ ಚಂದ್ರಮೋಹನ ಅದರ ಫೋಟೋ ಹಿಡಿದು ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಹೋಗಿ, ಮನೆಯ ಗೇಟಿಗೆ ಕಲ್ಲಿನಲ್ಲಿ ಕೆತ್ತಿಕೊಡಿ ಎಂದನಂತೆ. ಶಿಲ್ಪಿ ಫೋಟೋವನ್ನು ಎರಡು ಕಡೆ ತಿರುಗಿಸಿ ನೋಡಿ, “ವಾಹನ ಆಯ್ತು ಸ್ವಾಮಿ, ಮೇಲೆ ಯಾವ ದೇವರನ್ನ ಕೂರಿಸ್ಲಿ?” ಎಂದು ಕೇಳಿದನಂತೆ.

ದೇವರು ಕೂರುವ ಪ್ರಶ್ನೆಯೇ ಅಲ್ಲಿ ತೊಡಕಾದದ್ದು. ಕಾರು ಮನೆಗೆ ಬಂದ ದಿನ ಚಂದ್ರಮೋಹನ ಅದರೊಳಗೆ ಕೂತ. ಕೂತ ಎನ್ನುವುದಕ್ಕಿಂತ ಸುರಿದುಕೊಂಡ ಎನ್ನಬೇಕು. ರೇಸಿನವರ ಸೊಂಟಕ್ಕೆ ಅಳತೆ ಮಾಡಿ ಹೊಲಿದ ಸೀಟು ಯುವ ನಾಯಕನ ಎರಡೂ ಪಕ್ಕೆಯನ್ನು ಕಚ್ಚಿ ಹಿಡಿಯಿತು. ಫೋಟೋ ತೆಗೆದದ್ದಾಯಿತು, ಚಪ್ಪಾಳೆಯಾಯಿತು, ಇಳಿಯಲು ಹೋದರೆ ಬರುತ್ತಿಲ್ಲ. ಹಿಂಬಾಲಕರು ಎಮ್ಮೆಗೆ ಕರು ಹಾಕಿಸುವವರ ಹಾಗೆ ಒಬ್ಬ ತೋಳು, ಒಬ್ಬ ಕಾಲು ಹಿಡಿದು ಎಳೆಯತೊಡಗಿದರು. ಎದುರು ಅಂಗಡಿಗೆ ಕ್ರೇಟು ಇಳಿಸಲು ಬಂದಿದ್ದ ಕದಿರೇಶ ಓಡಿ ಬಂದ.

“ಅಣ್ಣ, ಎಳೀಬೇಡ್ರೋ! ಸೀಟು ಹಿಂದಕ್ಕೆ ಹೋಗ್ತೈತೆ, ಪಕ್ಕದಾಗೆ ಬಟನ್ ಐತೆ. ಚಂದ್ರಣ್ಣ, ಮೊದ್ಲು ಎರಡೂ ಕಾಲು ಆಚೆ. ಈಗ ನನ್ ಹೆಗಲು ಹಿಡ್ಕೊಳ್ಳಿ.”

ಹೊರಗೆ ಬಂದ ಚಂದ್ರಮೋಹನ ಅಂಗಿ ಕೊಡವಿಕೊಂಡು ಅವನನ್ನು ನೋಡಿದ. “ಯಾರ್ಲಾ ನೀನು, ನಮ್ಮೂರ ಬಾಯಿಡ್ರೈವರ್ ಅಲ್ವಾ? ಈ ಗಾಡಿ ಓಡ್ಸೋಕೆ ಬರ್ತದಾ?”

“ಇದರ ಅಳತೆ ತೂಕ ಎಲ್ಲ ಗೊತ್ತಣ್ಣ. ನಾನೂರು ಹಾರ್ಸ್ ಪವರ್ರು. ಎಂಜಿನ್ನು...”

“ಅಳತೆ ಯಾರಿಗ್ ಬೇಕು. ಭಾನುವಾರ ಊರಾಗೆ ಗಾಡಿಗೆ ಪೂಜೆ ಮಾಡ್ಸಿ ಸಭೆ ಇಟ್ಕೊಂಡಿದ್ದೀನಿ. ನಾನು ದೊಡ್ಡ ಗಾಡಿನಾಗೆ ನಿಂತ್ಕೊಂಡು ಕೈ ಮುಗೀತಾ ಬರ್ತೀನಿ, ನೀನು ಇದನ್ನ ಮುಂದೆ ಓಡ್ಸು. ಗುಡಿ ಮುಂದೆ ಒಂದು ಗೀರಿಲ್ದೆ ನಿಲ್ಸಿದ್ರೆ ಕೀ ನಿನ್ ಹತ್ರಾನೇ ಇರ್ಲಿ. ಇನ್ಮೇಲೆ ಇದರ ಡ್ರೈವರ್ ನೀನೇ.”

ಕದಿರೇಶ ಅವತ್ತು ಟೆಂಪೋವನ್ನು ಹೇಗೆ ಊರಿಗೆ ತಂದನೋ ಅವನಿಗೇ ನೆನಪಿಲ್ಲ.

ಭಾನುವಾರ ಮೆರವಣಿಗೆ ಕೋಲಾರದಿಂದ ಹೊರಟಿತು. ಮುಂದೆ ಚೆಂಡುಹೂವಿನ ಕಾರು, ಒಳಗೆ ಇಸ್ತ್ರಿ ಅಂಗಿಯ ಕದಿರೇಶ. ಹಿಂದೆ ಎತ್ತರದ ಬಿಳಿ ಗಾಡಿಯ ಮೇಲ್ಛಾವಣಿಯ ಕಿಂಡಿಯಿಂದ ಎದೆಯವರೆಗೆ ಹೊರಬಂದು ಕೈಮುಗಿಯುತ್ತಿದ್ದ ಚಂದ್ರಮೋಹನ. ಅವನ ಪಕ್ಕದಲ್ಲಿ ಕೋಲಿಗೆ ಫೋನು ಕಟ್ಟಿ ಎಲ್ಲವನ್ನೂ ನೇರಪ್ರಸಾರ ಮಾಡುತ್ತಿದ್ದ ಮುನಿಕೃಷ್ಣ. ಮುನಿಕೃಷ್ಣನದು ತಾಲ್ಲೂಕಿಗೆ ಹೆಸರಾದ ಫೋನ್ ಚಾನೆಲ್ಲು. ಅದಕ್ಕೂ ಹಿಂದೆ ಪಿಕಪ್ಪಿನಲ್ಲಿ ಹಿಂಬಾಲಕರು ಮತ್ತು ಎರಡು ಮರದ ಹಲಗೆ.

ಹಲಗೆ ಯಾಕೆಂದರೆ ಹಂಪ್ಸ್. ನಮ್ಮ ಕಡೆ ಊರಿಗೊಂದು ಹಂಪ್ ಇರುವುದು ಊರಿನ ಮರ್ಯಾದೆ. ಪಕ್ಕದೂರಿನವರು ಮೊಣಕಾಲೆತ್ತರ ಹಾಕಿಸಿದರೆ ಇವರು ಒಂದು ಗೇಣು ಹೆಚ್ಚು ಹಾಕಿಸುತ್ತಾರೆ. ಕಾರು ಮಾಡಿದ ಜರ್ಮನಿಯವರಿಗೆ ಗಾಳಿಯ ಲೆಕ್ಕ ಗೊತ್ತಿತ್ತು, ಈ ಮರ್ಯಾದೆಯ ಲೆಕ್ಕ ಗೊತ್ತಿರಲಿಲ್ಲ. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಚಪ್ಪಲಿ ತೂರುವಷ್ಟು ಜಾಗ. ಹಾಗಾಗಿ ಪ್ರತಿ ಹಂಪಿಗೂ ಪಿಕಪ್ಪಿನವರು ಇಳಿದು ಓಡಿ ಬಂದು ಹಲಗೆ ಹಾಸಬೇಕು, ಕಾರು ಹಸಿ ಬಾಣಂತಿಯಂತೆ ಮೆಲ್ಲಗೆ ಹತ್ತಿ ಇಳಿಯಬೇಕು, ಮತ್ತೆ ಹಲಗೆ ಎತ್ತಿಕೊಂಡು ಓಡಬೇಕು. ಗಂಟೆಗೆ ಮುನ್ನೂರು ಕಿಲೋಮೀಟರು ಹೋಗಬಲ್ಲ ಕಾರನ್ನು ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡೊಂದು ಹಿಂದೆ ಹಾಕಿತು. ಆಮೇಲೆ ಒಂದು ಸೈಕಲ್ಲು. ಕೊನೆಗೆ ಮೇಯಲು ಹೊರಟ ಕುರಿಮಂದೆಯೂ ಎರಡೂ ಪಕ್ಕದಿಂದ ದಾಟಿಕೊಂಡು ಮುಂದೆ ಹೋಯಿತು. ಹಿಂದೆ ಬರುತ್ತಿದ್ದ ಕುರಿಯವನು ಕಿಟಕಿಯೊಳಗೆ ಬಗ್ಗಿ, “ಗಾಡಿ ಕೆಟ್ಟೈತಾಣ್ಣ, ತಳ್ಳಬೇಕಾ?” ಎಂದು ಕನಿಕರದಿಂದ ಕೇಳಿದ.

ಹೀಗೆ ತೆವಳಿ ತೆವಳಿ ಎಂಜಿನ್ನು ಕಾದು ಕೆಂಡವಾಗಿತ್ತು. ಬೆನ್ನ ಹಿಂದೆ ಫ್ಯಾನುಗಳು ಬುಸ್ ಎನ್ನುತ್ತಿದ್ದವು. ಕೊನೆಯ ಹಂಪು ದಾಟಿತು, ಮುಂದೆ ಹೊಸದಾಗಿ ಟಾರು ಹಾಕಿದ ನೇರ ರಸ್ತೆ. ಎರಡೂ ಕಡೆ ಹಿಪ್ಪುನೇರಳೆ ತೋಟ, ದೂರದವರೆಗೆ ಒಂದು ನರಪಿಳ್ಳೆ ಇಲ್ಲ. ಕದಿರೇಶ ಕನ್ನಡಿಯಲ್ಲಿ ಹಿಂದೆ ನೋಡಿದ. ಹಲಗೆಯವರು ಇನ್ನೂ ಹಲಗೆ ಎತ್ತುತ್ತಿದ್ದರು. ಕಾಲು ತಾನಾಗಿಯೇ ಒತ್ತಿತು.

ಕಾರು ಹೋಗಲಿಲ್ಲ, ರಸ್ತೆಯೇ ಓಡಿ ಬಂದು ಅವನೊಳಗೆ ನುಗ್ಗಿತು. ಬೆನ್ನು ಸೀಟಿಗೆ ಅಂಟಿತು, ಎಂಜಿನ್ನಿನ ಕೂಗು ಕಿವಿಯ ಹಿಂದಿನಿಂದ ಹಾದು ಹಲ್ಲಿನವರೆಗೆ ಬಂತು. ಒಂದು ಗೇರು ಬಿಟ್ಟದ್ದೂ ಇನ್ನೊಂದು ಹಿಡಿದದ್ದೂ ಗೊತ್ತೇ ಆಗಲಿಲ್ಲ. ಫೋನಿನ ಗಾಜಿನೊಳಗೆ ನೋಡಿದ್ದೆಲ್ಲ ನಿಜ, ಒಂದಕ್ಷರವೂ ಸುಳ್ಳಲ್ಲ. ಕದಿರೇಶ ಬಾಯಿ ಬಿಟ್ಟು ನಕ್ಕ, ಕಣ್ಣಿನಲ್ಲಿ ನೀರು ಬಂತು, ಮತ್ತು ಜೀವನದಲ್ಲಿ ಮೊದಲ ಸಲ ಅವನಿಗೆ ಯಾರಿಗೂ ಏನನ್ನೂ ವಿವರಿಸಬೇಕು ಅನ್ನಿಸಲಿಲ್ಲ.

ಆ ಸುಖ ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು, ಚಂದ್ರಮೋಹನ. “ಲೇ, ಎಲ್ಲಿಗ್ಲಾ ಹಾರ್ಹೋದೆ? ಕಾರು ಇಲ್ದೆ ನನ್ನ ಯಾವನು ನೋಡ್ತಾನೆ? ಇದ್ದಲ್ಲೇ ನಿಲ್ಸು! ನಾನು ಬರೋ ತನಕ ಮುಂದಕ್ಕೆ ಹೋಗ್ಬೇಡ!”

ನಿಲ್ಲಿಸಿದ್ದು ಸುಗಟೂರಿನ ಅಂಚಿನಲ್ಲಿ, ಸರಿಯಾಗಿ ಚಿಕ್ಕಗಂಗಮ್ಮನ ಹುರುಳಿಯ ಮುಂದೆ.

ಒಕ್ಕಣೆಯ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ರಸ್ತೆಗೆ ಅಡ್ಡಲಾಗಿ ಮಂಚದೆತ್ತರ ಹರವಿಬಿಟ್ಟರೆ ಹೋಗಿ ಬರುವ ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದು ತುಳಿದು ಕಾಳು ಉದುರಿಸುತ್ತವೆ. ಯಾವ ಗಾಡಿಯವನೂ ಪಕ್ಕಕ್ಕೆ ಹೋಗುವಂತಿಲ್ಲ, ಹೋದರೆ ಬೈಗುಳ. ಚಿಕ್ಕಗಂಗಮ್ಮ ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಕದಿರೇಶನಿಗೆ ದೂರದ ಅಜ್ಜಿ. ಕವೆಗೋಲು ಹಿಡಿದು ಗಿಡ ಮಗುಚುತ್ತಿದ್ದಳು. ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದಿದ್ದ ಹೆಂಗಸರ ನಡುವೆ ತಲೆಗೆ ಟವೆಲ್ ಸುತ್ತಿದ್ದ ಶೋಭಾರಾಣಿಯೂ ಇದ್ದಳು. ಶಬ್ದ ಕೇಳಿ ನರಸಿಂಹಪ್ಪ ಟೀ ಅಂಗಡಿಯನ್ನು ಬಿಟ್ಟು ಓಡಿ ಬಂದ.

ಎಲ್ಲರೂ ಕಾರಿನ ಸುತ್ತ ಸೇರಿದರು. ಕದಿರೇಶ ಇಳಿಯಲಿಲ್ಲ. ಮೊಣಕೈಯನ್ನು ಕಿಟಕಿಗೆ ಇಟ್ಟುಕೊಂಡು ಹೆಂಡತಿಯನ್ನು ನೋಡಿದ. ಶೋಭಾರಾಣಿಯ ಮುಖದಲ್ಲಿ ಹೆಮ್ಮೆ ಇನ್ನೇನು ಹೊರಗೆ ಬರಲೋ ಬೇಡವೋ ಎಂದು ಇಣುಕುತ್ತಿತ್ತು.

“ಎಷ್ಟು ಕುದುರೆ ಶಕ್ತಿ ಅಂದೆ?” ಎಂದ ನರಸಿಂಹಪ್ಪ.

“ನಾನೂರು.”

“ಏಮ್ರಾ ಕದಿರಿ,” ಎಂದಳು ಚಿಕ್ಕಗಂಗಮ್ಮ. “ನಾನೂರು ಕುದುರೆ ಇಟ್ಕೊಂಡು ಹುರುಳಿ ಮುಂದೆ ಸುಮ್ನೆ ನಿಂತಿದ್ದೀಯಲ್ಲಪ್ಪ. ಬೆಳಗಿಂದ ಒಂದು ಬಸ್ಸು ಬಂದಿದ್ದು ಅಷ್ಟೇ. ನಾಲ್ಕು ಸಲ ಹಿಂದ್ಕೆ ಮುಂದ್ಕೆ ತುಳ್ಸು.”

“ಅಜ್ಜಿ, ಇದು ಅದಕ್ಕೆ ಮಾಡಿರೋ ಗಾಡಿ ಅಲ್ಲ. ಇದು ಟ್ರ್ಯಾಕಿಗೆ...”

“ಬಿಡಜ್ಜಿ,” ಎಂದ ನರಸಿಂಹಪ್ಪ. “ನಮ್ಮ ಮೂಲೆಮನೆ ಜೋಡೆತ್ತು ಇದ್ದಿದ್ರೆ ಇಷ್ಟೊತ್ಗೆ ಕಾಳು ತೂರ್ಬಹುದಿತ್ತು. ಇವನ ಕುದುರೆ ಎಲ್ಲ ಬಾಯಾಗೇ ಇರೋದು.”

ಹೆಂಗಸರು ನಕ್ಕರು. ಅಷ್ಟಾಗಿದ್ದರೆ ಕದಿರೇಶ ತಡೆದುಕೊಳ್ಳುತ್ತಿದ್ದ. ಶೋಭಾರಾಣಿಯೂ ನಕ್ಕಳು.

ಕದಿರೇಶ ಗಾಡಿಯನ್ನು ಹುರುಳಿಯ ಮೇಲೆ ಹತ್ತಿಸಿದ.

ಲಾರಿಯ ಚಕ್ರ ಗಿಡವನ್ನು ತುಳಿಯುತ್ತದೆ, ಹೊಟ್ಟೆ ಮೇಲೆ ಉಳಿಯುತ್ತದೆ. ಈ ಕಾರಿಗೆ ಚಕ್ರಕ್ಕಿಂತ ಮೊದಲು ಹೊಟ್ಟೆಯೇ ಹುರುಳಿಗೆ ತಾಗಿತು. ಮುಂದಕ್ಕೆ ಹೋದ, ಹಿಂದಕ್ಕೆ ಬಂದ, ಮತ್ತೆ ಮುಂದಕ್ಕೆ. ನಡುವಿಗೆ ಬಂದಾಗ ಗಾಡಿ ಹುರುಳಿಯ ಮೇಲೆ ಕೋಳಿ ಕಾವಿಗೆ ಕೂತಂತೆ ಕೂತುಬಿಟ್ಟಿತು. ಹಿಂದಿನ ಅಗಲದ ಚಕ್ರಗಳು ಇದ್ದಲ್ಲೇ ಗಿರ್ ಎಂದು ತಿರುಗಿದವು. ಕದಿರೇಶ ಇನ್ನಷ್ಟು ಒತ್ತಿದ. ಕಾಳು ಗುಂಡಿನಂತೆ ಹಾರಿ ನರಸಿಂಹಪ್ಪನ ಕೆನ್ನೆಗೆ ಬಡಿಯಿತು.

“ನೋಡ್ದಾ ನರಸಿಂಹಣ್ಣ! ಉದುರ್ತಾ, ಇಲ್ವಾ?”

“ಪೊಗ ಒಸ್ತಾ ಉಂದಿ ರಾ!” ಎಂದು ಚಿಕ್ಕಗಂಗಮ್ಮ ಗಾಬರಿಗೆ ತೆಲುಗಿನಲ್ಲಿ ಕೂಗಿದಳು. “ಹೊಗೆ ಕಣೋ, ಹಿಂದೆ ಹೊಗೆ!”

“ಅದು ಬರ್ನ್‌ಔಟ್ ಅಜ್ಜಿ! ಟೈರು ಉಜ್ಜಿ ಬರೋ ಹೊಗೆ. ದೊಡ್ಡ ದೊಡ್ಡ ರೇಸ್ನಾಗೆ ಗೆದ್ದೋರು ಬೇಕೂಂತ ಬಿಡ್ತಾರೆ!”

“ರೀ, ಬೆಂಕಿ ಕೆಂಪಗೆ ಕಾಣ್ತೈತೆ!” ಎಂದಳು ಶೋಭಾರಾಣಿ.

“ಅದು ಸೈಲೆನ್ಸರ್ ಬಾಯಿಂದ ಬರೋ ಜ್ವಾಲೆ, ಪಾಪ್ಸ್ ಅಂತಾರೆ. ಆ ಸೆಟ್ಟಿಂಗ್ಸ್ ನಾನೇ...”

ವಿವರಣೆ ಅಲ್ಲಿಗೆ ನಿಂತಿತು, ಯಾಕೆಂದರೆ ಬೆನ್ನು ಸುಡತೊಡಗಿತ್ತು. ಕದಿರೇಶ ಬಾಗಿಲು ತೆಗೆದು ರಸ್ತೆಗೆ ಉರುಳಿದ. ಶೋಭಾರಾಣಿ ಅಷ್ಟರಲ್ಲಿ ಅಜ್ಜಿಯ ಕೊಟ್ಟಿಗೆಗೆ ಓಡಿದ್ದಳು. ಹಸುಗಳಿಗೆ ಇಟ್ಟಿದ್ದ ಕಲಗಚ್ಚಿನ ಬಾನಿಯನ್ನು ಇಬ್ಬರು ಹೆಂಗಸರ ಜೊತೆ ಎತ್ತಿ ತಂದು ಕಾರಿನ ಹಿಂಭಾಗಕ್ಕೆ ಸುರಿದಳು. ತೌಡು, ಹಳಸಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಚೆಂಡುಹೂವಿನ ಬಣ್ಣದ ಮೇಲೆ ಇಳಿದವು. ಪಕ್ಕದ ತೋಟದಲ್ಲಿ ಟೊಮ್ಯಾಟೊಗೆ ಔಷಧಿ ಹೊಡೆಯುತ್ತಿದ್ದವರು ಬೆನ್ನ ಮೇಲಿನ ಕ್ಯಾನಿನ ಸಮೇತ ಓಡಿ ಬಂದು, ರೋಗ ಬಂದ ಗಿಡಕ್ಕೆ ಹೊಡೆದಂತೆ ಕಾರಿಗೆ ಸುತ್ತಲೂ ಹೊಡೆದರು. ಬೆಂಕಿ ಆರಿತು. ಕಾರಿನ ಹಿಂಭಾಗ ಬೇಸಿಗೆಯಲ್ಲಿ ಕೈ ಮೇಲೆ ಇಟ್ಟ ಬೆಲ್ಲದಂತೆ ಕರಗಿ ಜೋತುಬಿದ್ದಿತ್ತು. ಅದರ ನಿಜವಾದ ರೆಕ್ಕೆ, ಕದಿರೇಶ ಕನಸಿನಲ್ಲಿ ಕಾಣುತ್ತಿದ್ದ ರೆಕ್ಕೆ, ಒಂದು ಕಡೆ ಕಳಚಿ ಕಲಗಚ್ಚಿನಲ್ಲಿ ತೇಲುತ್ತಿತ್ತು.

“ಕುದುರೆ ಕುದುರೆ ಅಂದ್ಯಲ್ಲ,” ಎಂದಳು ಚಿಕ್ಕಗಂಗಮ್ಮ, ಸುಟ್ಟ ಹುರುಳಿಯನ್ನು ಕವೆಗೋಲಿನಿಂದ ಕೆದಕುತ್ತ. “ಒಣ ಹುರುಳಿ ತಿಂದು ಹೊಟ್ಟೆ ಉರ್ಕೊಂಡವೆ. ನೆನ್ಸಿ ಹಾಕ್ಬೇಕಿತ್ತು.”

ಆಗ ಮೆರವಣಿಗೆ ಬಂತು.

ಚಂದ್ರಮೋಹನ ಕಿಂಡಿಯಲ್ಲೇ ನಿಂತು, ಕೈಮುಗಿದುಕೊಂಡೇ ಕಾರನ್ನು ನೋಡಿದ. ಮುಗಿದ ಕೈ ಹಾಗೇ ಉಳಿಯಿತು. ಕೆಳಗಿಳಿದು ಬಂದವನು ಮೊದಲು ಕದಿರೇಶನ ಕೊರಳಪಟ್ಟಿಗೆ ಕೈ ಹಾಕಿದ. ಆಮೇಲೆ ಸುತ್ತ ಸೇರಿದ ಜನವನ್ನು ನೋಡಿದ, ಮುನಿಕೃಷ್ಣನ ಕೋಲಿನ ತುದಿಯ ಫೋನನ್ನು ನೋಡಿದ. ರಾಜಕೀಯದವನ ತಲೆ ಸುಟ್ಟ ಬೆಲ್ಲದಲ್ಲೂ ಪಾಕ ತೆಗೆಯುತ್ತದೆ. ಕೊರಳಪಟ್ಟಿಯನ್ನು ಬಿಟ್ಟು ಅದೇ ಕೈಯಿಂದ ಹೆಗಲು ತಬ್ಬಿ, ಕಿವಿಯ ಹತ್ತಿರ ಬಂದ.

“ಎದುರು ಪಾರ್ಟಿಯೋರು ಬೆಂಕಿ ಇಟ್ರು ಅಂತ ಹೇಳು. ಮುಖ ನೋಡ್ದೆ ಅನ್ನು, ಓಡಿಹೋದ್ರು ಅನ್ನು. ಇಷ್ಟು ಹೇಳಿದ್ರೆ ಟಿಕೆಟ್ ನಂಗೇ. ಕಾರು ರಿಪೇರಿ ಆಗಿ ಬಂದ್ಮೇಲೂ ಕೀ ನಿಂಗೇ. ಸತ್ಯವಾಗ್ಲೂ.”

ಕೀ ಕದಿರೇಶನ ಜೇಬಿನಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಆ ನೇರ ರಸ್ತೆ, ಹಲ್ಲಿನವರೆಗೆ ಬಂದ ಆ ಕೂಗು ನೆನಪಾಯಿತು. ಒಂದು ಸುಳ್ಳು ಹೇಳಿದರೆ ಅದೆಲ್ಲ ಮತ್ತೆ ಸಿಗುತ್ತದೆ. ಅಲ್ಲಿದ್ದವರು ಮನಸ್ಸು ಮಾಡಿದರೆ ಬಾಯಿ ಮುಚ್ಚಿಕೊಂಡಿರುತ್ತಾರೆ, ಊರಿನ ಮಾತು. ಹೂಂ ಎಂದು ತಲೆಯಾಡಿಸಿದ.

ಮುನಿಕೃಷ್ಣ ಫೋನು ತಿರುಗಿಸಿದ. ಚಂದ್ರಮೋಹನ ಧ್ವನಿ ಏರಿಸಿದ: “ನೋಡಿ ಬಂಧುಗಳೇ, ನನ್ನ ಏಳಿಗೆ ಸಹಿಸದ ಶಕ್ತಿಗಳು ಮಾಡಿರೋ ಕೆಲಸ! ಕಣ್ಣಾರೆ ಕಂಡೋನು ಇಲ್ಲವ್ನೆ. ಹೇಳಪ್ಪ ಕದಿರೇಶ.”

“ನಾನು... ಗಾಡಿ ನಿಲ್ಸಿದ್ದೆ. ಯಾರೋ ಬಂದ್ರು,” ಎಂದ ಕದಿರೇಶ.

“ಬಂದು ಏನ್ ಮಾಡಿದ್ರು?” ಎಂದ ಮುನಿಕೃಷ್ಣ.

ಕದಿರೇಶ ಬಾಯಿ ತೆರೆಯುವ ಮೊದಲೇ ಚಂದ್ರಮೋಹನನೇ ನುಗ್ಗಿ ಬಂದು ಕಾರಿನ ಮುಂಭಾಗದ ಬಾನೆಟ್ಟನ್ನು ದಬದಬ ಬಡಿದ. “ಇಲ್ಲಿ! ಇಲ್ಲಿ ಎಂಜಿನ್ನಿಗೆ ಪೆಟ್ರೋಲು ಸುರ್ದು ಕಡ್ಡಿ ಗೀರವ್ರೆ! ಎಂಜಿನ್ನೇ ಸುಟ್ಟೋಯ್ತು ಬಂಧುಗಳೇ!”

ಕದಿರೇಶ ಆ ಬಾನೆಟ್ಟನ್ನು ನೋಡಿದ. ಸುಳ್ಳನ್ನು ಅವನು ನುಂಗಬಲ್ಲ, ಇದನ್ನು ನುಂಗಲಾರ.

“ಅಣ್ಣ, ಎಂಜಿನ್ನು ಅಲ್ಲಿಲ್ಲ.”

“ಏನು?”

“ಅದು ಬ್ಯಾಗಿಡೋ ಜಾಗ ಅಣ್ಣ. ಎಂಜಿನ್ನು ಹಿಂದೆ, ಸೀಟಿನ ಬೆನ್ನಿಗೆ. ತೂಕ ನಡುವಿಗೆ ಬಿದ್ರೆ ತಿರುವಿನಾಗೆ ಗಾಡಿ ಬುಗುರಿ ಥರ ತಿರುಗ್ತೈತೆ ಅಂತ ಅಲ್ಲಿಟ್ಟವ್ರೆ.” ಧ್ವನಿ ಸ್ಥಿರವಾಯಿತು, ಕೈ ಎದ್ದಿತು. “ಹಂಗಾಗಿ ಸೈಲೆನ್ಸರ್ ಪೈಪು ಗಿಡ್ಡ. ಬೇರೆ ಗಾಡಿನಾಗೆ ಬಿಸಿ ಉದ್ದಕ್ಕೂ ಹರಿದು ಆರ್ತೈತೆ, ಇಲ್ಲಿ ಎಲ್ಲ ಒಂದೇ ಕಡೆ ಗುಡ್ಡೆ ಬೀಳ್ತೈತೆ. ಕೆಳಗೆ ಗಾಳಿ ಜಾರ್ಲಿ ಅಂತ ತಟ್ಟೆ ಥರ ಮುಚ್ಚವ್ರೆ. ಓಡ್ತಿದ್ರೆ ಗಾಳಿ ಸಿಕ್ಕಿ ತಣ್ಣಗಿರ್ತೈತೆ. ದಾರಿಯುದ್ದಕ್ಕೂ ಹಲಗೆ ಮೇಲೆ ತೆವಳಿ ತೆವಳಿ ಬಂದಿದ್ದಕ್ಕೆ ಮೊದ್ಲೇ ಕಾದಿತ್ತು. ಅದರ ಮೇಲೆ ಒಣಗಿದ ಹುರುಳಿ ಗಿಡ ಹೋಗಿ ಪೈಪಿಗೆ ಸುತ್ಕೊಂಡ್ರೆ ಪೆಟ್ರೋಲೂ ಬೇಡ, ಕಡ್ಡೀನೂ ಬೇಡ. ಇಂಥ ಗಾಡೀನ ಹುರುಳಿ ಮೇಲೆ ಕೂರ್ಸಿ ರೇಸ್ ಕೊಡೋನು ಇದ್ದಾನಲ್ಲ, ಅವನು ಎಂಥ ಮುಠ್ಠಾಳ ಅಂದ್ರೆ...”

ಅಷ್ಟು ಹೇಳಿ ಕದಿರೇಶ ಗಕ್ಕನೆ ನಿಂತ.

“ಯಾರು ಕೂರ್ಸಿದ್ದು?” ಎಂದು ಮುನಿಕೃಷ್ಣ ಮೆತ್ತಗೆ ಕೇಳಿದ. ಫೋನಿನಲ್ಲಿ ಅರ್ಧ ತಾಲ್ಲೂಕು ನೋಡುತ್ತಿತ್ತು.

ಕದಿರೇಶ ಹೆಂಡತಿಯನ್ನು ನೋಡಿದ. ಬಾನಿ ಹಿಡಿದಿದ್ದ ಶೋಭಾರಾಣಿ ಹಣೆ ಚಚ್ಚಿಕೊಂಡಳು. ಆದರೂ ಅವಳ ಮುಖದಲ್ಲಿ ಆಗ ಇಣುಕುತ್ತಿದ್ದ ಹೆಮ್ಮೆ ಈಗ ಪೂರ್ತಿ ಹೊರಗೆ ಬಂದಿತ್ತು.

“ನಾನೇ,” ಎಂದ ಕದಿರೇಶ.

ಚಂದ್ರಮೋಹನ ಕೈ ಚಾಚಿದ. ಕದಿರೇಶ ಕಲಗಚ್ಚಿನ ವಾಸನೆಯ ಕೀಯನ್ನು ಆ ಕೈಯಲ್ಲಿಟ್ಟು, ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡ.

ಆ ಸಂಜೆಯೊಳಗೆ ಮುಳಬಾಗಲು, ಶ್ರೀನಿವಾಸಪುರದವರೆಗೂ ಎಲ್ಲರ ಫೋನಿಗೂ ಆ ವಿಡಿಯೋ ಹೋಗಿತ್ತು. ತನ್ನ ಕಾರಿಗೆ ಎಂಜಿನ್ನು ಎಲ್ಲಿದೆ ಎಂದು ತಿಳಿಯದ ನಾಯಕನಿಗೆ ತಾಲ್ಲೂಕಿನ ಸಮಸ್ಯೆ ಎಲ್ಲಿದೆ ಎಂದು ಹೇಗೆ ತಿಳಿದೀತು ಎಂದು ಎದುರು ಪಾರ್ಟಿಯವರು ಕೇಳಿದರು. ಸ್ವಂತ ಪಾರ್ಟಿಯವರು ಕೇಳಲೂ ಇಲ್ಲ, ಟಿಕೆಟ್ಟನ್ನು ಬೇರೆಯವರಿಗೆ ಕೊಟ್ಟು ಸುಮ್ಮನಾದರು. ಊರಿನವರ ಬಾಯಲ್ಲಿ ಯುವ ನಾಯಕ ಹೋಗಿ ಹುರುಳಿ ಚಂದ್ರಣ್ಣ ಬಂದ. ರಿಪೇರಿಗೆ ಬೇಕಾದ ಸಾಮಾನು ಯೂರೋಪಿನಿಂದ ಬರಬೇಕಂತೆ. ಅಲ್ಲಿಯವರೆಗೆ ಕಾರು ಸುಗಟೂರಿನ ಹಳೆ ಮನೆಯ ಹಿಂದೆ, ಟಾರ್ಪಾಲಿನ ಕೆಳಗೆ. ಕಲಗಚ್ಚಿನ ತೌಡು ಸಂದಿಗೊಂದಿಯಲ್ಲೆಲ್ಲ ಒಣಗಿ ಉಳಿದಿರುವುದರಿಂದ ಕೇರಿಯ ಕೋಳಿಗಳಿಗೆ ಅದು ಛತ್ರ. ಮೊನ್ನೆ ನರಸಿಂಹಪ್ಪ ಹೋಗಿ ಟಾರ್ಪಾಲು ಎತ್ತಿ ನೋಡಿ ಬಂದು, ಟೀ ಅಂಗಡಿಯಲ್ಲಿ ಎಲ್ಲರಿಗೂ ಸಾರಿದ. “ರೆಕ್ಕೆ ಇರೋ ಗಾಡಿ ಮೊಟ್ಟೆ ಇಕ್ತೈತೆ ಕಣ್ರೋ. ಕಣ್ಣಾರೆ ನೋಡ್ದೆ, ಸೀಟಿನ ಮೇಲೆ ಮೂರವೆ!”

ಕದಿರೇಶ ಮತ್ತೆ ಟೆಂಪೋ ಹತ್ತಿದ. ಚಿಕ್ಕಗಂಗಮ್ಮ ಉಳಿದ ಹುರುಳಿಯನ್ನು ಅದೇ ರಸ್ತೆಯ ಮೇಲೆ ಹರವಿ, ಅವನು ಬರುವುದನ್ನೇ ಕಾದು ಕವೆಗೋಲು ಅಡ್ಡ ಹಿಡಿದಳು. ಟೆಂಪೋ ಕೆಮ್ಮುತ್ತ, ಕುಲುಕುತ್ತ ಹುರುಳಿಯ ಮೇಲೆ ಹೋಯಿತು, ಬಂತು, ಹೋಯಿತು. ಕಾಳು ಚಿಟಚಿಟ ಉದುರಿತು. ಹೊಗೆ ಬಂದದ್ದು ಸೈಲೆನ್ಸರಿನ ಬಾಯಿಂದ ಮಾತ್ರ, ಅದು ದಿನಾ ಬರುವುದೇ.

ಕದಿರೇಶ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಅಜ್ಜಿ, ಇದು ಯಾಕೆ ಹತ್ಕೊಳ್ಳಲ್ಲ ಗೊತ್ತಾ? ಗ್ರೌಂಡ್ ಕ್ಲಿಯರೆನ್ಸು ಅಂತ ಒಂದೈತೆ, ಹೊಟ್ಟೆಗೂ ನೆಲಕ್ಕೂ ಎಷ್ಟು ಜಾಗ ಅಂತ. ಜರ್ಮನಿಯೋರು...”

“ಕದಿರಿ,” ಎಂದಳು ಚಿಕ್ಕಗಂಗಮ್ಮ, ಕವೆಗೋಲಿನಿಂದ ಗಿಡ ಮಗುಚುತ್ತ. “ಬಾಯಿ ಮುಚ್ಕೊಂಡು ಇನ್ನೊಂದು ಸುತ್ತು ಹೊಡಿ.”

ಕದಿರೇಶ ರಿವರ್ಸ್ ಗೇರು ಹಾಕಿದ.